ಹೆಸರಷ್ಟೇ ಉಳಿಸಿಕೊಂಡವರು

ಹಂಪಿಗೆ ಬಂದವರಿಗೆ ಹಂಪಿ ತೋರಿಸುವುದು ನನ್ನ ಕಸುಬು. ಹೋದ ಚಳಿಗಾಲ ಹೊಸಪೇಟೆಯ ಟ್ರಾವೆಲ್ಸ್ ಮಾಲೀಕರು ಕೆನಡಾದ ಗಂಡ ಹೆಂಡತಿಯನ್ನು ನನಗೆ ಒಪ್ಪಿಸಿದರು. ಅವರ ಊರು ಸಸ್ಕಟೂನ್. ಕಣ್ಣು ಹರಿದಷ್ಟು ದೂರ ಹುಲ್ಲುಬಯಲು, ನಡುವೆ ಒಂದು ಹೊಳೆ, ಅದರ ದಂಡೆಗೆ ಪಟ್ಟಣ.

ಗಂಡ ಮಾತುಗಾರರು. ಕಾರು ಹತ್ತಿದವರೇ ಮೊಬೈಲಿನಲ್ಲಿ ಊರು ತೋರಿಸತೊಡಗಿದರು. ಹೊಳೆಯ ಮೇಲೆ ಸಾಲು ಸೇತುವೆ, ಚಳಿಗೆ ಗಟ್ಟಿಯಾದ ನೀರು, ಗೋಧಿಯ ಹೊಲ, ನಾವು ಅಂಗಡಿಯಲ್ಲಿ ಕೊಳ್ಳುವಂಥದೇ ಮಸೂರ ಬೇಳೆ. ಅವರು ದುಡಿದದ್ದು ನೆಲದಡಿಯ ಪೊಟ್ಯಾಶ್ ಗಣಿಯಲ್ಲಿ. ನಮ್ಮ ಪಕ್ಕದ ಕಂಪ್ಲಿಯ ಗದ್ದೆಗಳಿಗೆ ಹಾಕುವ ಕೆಂಪು ಗೊಬ್ಬರ ಅಲ್ಲಿಂದಲೂ ಬರುತ್ತದೆಂದು ನನಗೆ ಅವತ್ತೇ ತಿಳಿದದ್ದು.

"ನಮ್ಮದು ನಿನ್ನೆ ಮೊನ್ನೆಯ ಊರು. ಕುಡಿತದ ವಿರೋಧಿಗಳು ಕೆಲವರು ಬಂದು ಖಾಲಿ ಬಯಲಿನಲ್ಲಿ ಕಟ್ಟಿದರು. ನಿಮ್ಮಂತೆ ನಮಗೆ ಚರಿತ್ರೆ ಇಲ್ಲ," ಎಂದರು.

"ಖಾಲಿ ಇರಲಿಲ್ಲ," ಎಂದರು ಹೆಂಡತಿ, ಕಿಟಕಿಯಿಂದ ಮುಖ ತಿರುಗಿಸಿ. ಆಕೆ ಆ ನೆಲದ ಮೂಲ ಜನರ ಪೈಕಿ. "ಸಾವಿರಾರು ವರ್ಷ ನಮ್ಮವರು ಅಲ್ಲಿ ಕಾಡುಕೋಣದ ಬೇಟೆ ಆಡಿದ್ದಾರೆ. ಸಸ್ಕಟೂನ್ ಅನ್ನುವುದು ನಮ್ಮ ಭಾಷೆಯ ಒಂದು ಹಣ್ಣಿನ ಹೆಸರು. ನನ್ನ ಅಜ್ಜಿಯನ್ನು ಚಿಕ್ಕವಳಿದ್ದಾಗ ಮನೆಯಿಂದ ಎಳೆದೊಯ್ದು ಬಿಳಿಯರ ಶಾಲೆಯಲ್ಲಿಟ್ಟು, ಆ ಭಾಷೆ ಆಡಿದ್ದಕ್ಕೆ ಬಡಿದರು. ಊರಿಗೆ ಹೆಸರು ಮಾತ್ರ ಇಟ್ಟುಕೊಂಡರು."

ಗಂಡ ಮೊಬೈಲ್ ಜೇಬಿಗಿಟ್ಟರು. ಆ ಅಜ್ಜಿಯ ಸುದ್ದಿ ಕೇಳಿ ನನಗೆ ಸಿಟ್ಟು ಬಂದಿತ್ತು.

ವಿರೂಪಾಕ್ಷನ ಗುಡಿಯ ಮುಂದಿನ ಬೀದಿಗೆ ಬಂದೆವು. ಎರಡೂ ಬದಿಗೆ ಕಲ್ಲಿನ ಮಂಟಪಗಳು. ಮುತ್ತು ರತ್ನಗಳನ್ನು ಇಲ್ಲಿ ಬಳ್ಳದಲ್ಲಿ ಅಳೆದು ಮಾರುತ್ತಿದ್ದರು ಎಂದು ನಾನು ದಿನಾ ಹೇಳುವ ಜಾಗ. ಅವತ್ತು ಆ ಮಾತು ಬಾಯಿಗೆ ಬರಲಿಲ್ಲ.

"ಇದು ನಮ್ಮ ಮನೆ," ಎಂದು ಒಂದು ಮಂಟಪ ತೋರಿಸಿದೆ. "ಮುಂದೆ ಅಮ್ಮನ ಮಿರ್ಚಿ ಅಂಗಡಿ, ಹಿಂದೆ ನಾವು. ನಾನು ಹುಟ್ಟಿದ್ದು ಇಲ್ಲೇ. ಒಂದು ಬೆಳಿಗ್ಗೆ ಸರ್ಕಾರದವರು ಜೆಸಿಬಿ ತಂದು, ನೀವು ಅಕ್ರಮ ಅಂದರು. ಅಮ್ಮ ಎಣ್ಣೆ ಬಾಣಲೆ ಇಳಿಸುವುದರೊಳಗೆ ಗೋಡೆ ಬಿತ್ತು."

"ಆದರೂ ಸ್ಮಾರಕ ಉಳಿಯಬೇಕಲ್ಲವೇ?" ಎಂದರು ಗಂಡ, ಮೆಲ್ಲಗೆ.

"ಉಳಿಯಲಿ. ಈ ಕಂಬಗಳ ನಡುವೆ ಕಸ ಗುಡಿಸಿ ದೀಪ ಹಚ್ಚಿದವಳು ನಮ್ಮಮ್ಮ. ಎಲ್ಲಿಗೆ ಹೋಗುತ್ತೀ ಎಂದು ಅವಳನ್ನು ಒಬ್ಬರಾದರೂ ಕೇಳಿದರೇ?"

ನನ್ನ ದನಿ ಏರಿತ್ತು. ಅಕ್ಕಪಕ್ಕದ ಪ್ರವಾಸಿಗಳು ತಿರುಗಿ ನೋಡಿದರು. ನೋಡಲಿ ಎಂದುಕೊಂಡೆ.

ಡ್ರೈವರ್ ಸುದ್ದಿ ಮುಟ್ಟಿಸಿದ್ದ. ಸಂಜೆ ಮಾಲೀಕರ ಫೋನು.

"ಏನವ್ವಾ, ಗೆಸ್ಟ್ ಮುಂದ ನಿಮ್ ಮನಿ ಗೋಳು ಹೇಳ್ಕೊಂಡಿಯಂತ? ಅವ್ರು ಚರಿತ್ರೆ ನೋಡಾಕ ಬಂದಾರ, ನಿಮ್ಮವ್ವನ ಮಿರ್ಚಿ ಅಂಗ್ಡಿ ಅಲ್ಲ."

"ನಮ್ಮವ್ವನೂ ಚರಿತ್ರೆನ ರೀ."

"ಭಾಳ ಮಾತಾಡ್ತಿ. ನಾಳಿಂದ ಬರಬ್ಯಾಡ."

"ಬರಂಗಿಲ್ಲ ಬಿಡ್ರಿ," ಎಂದು ಫೋನಿಟ್ಟೆ.

ಮರುದಿನ ಆ ಹೆಂಗಸು ಅಮ್ಮನನ್ನು ನೋಡಬೇಕೆಂದು ಹಟ ಹಿಡಿದು ಗಂಡನ ಜೊತೆ ಆಟೋದಲ್ಲಿ ಹೊಸಪೇಟೆ ಬಳಿಯ ಚಿತ್ತವಾಡ್ಗಿಯ ನಮ್ಮ ಬಾಡಿಗೆ ಮನೆಗೆ ಬಂದರು. "ಬರ್ರಿ, ಕುಂದ್ರಿ," ಎಂದು ಅಮ್ಮ ಚಾಪೆ ಹಾಸಿ, ಮಂಡಕ್ಕಿ ಒಗ್ಗರಣೆ, ಮಿರ್ಚಿ ಇಟ್ಟಳು. ಖಾರಕ್ಕೆ ಕಣ್ಣೀರು ಬಂದರೂ ಆಕೆ ಬಿಡದೆ ತಿಂದರು. ಅವರ ಕಥೆ ನಾನು ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ.

"ಮತ್ತ ಅವ್ರ ಜಾಗ ತಿರುಗಿ ಕೊಟ್ರೇನು ಕೇಳು," ಎಂದಳು ಅಮ್ಮ.

ಕೇಳಿದೆ. ಅಲ್ಲೊಂದು ಚೂರು, ಇಲ್ಲೊಂದು ಚೂರು ಎಂದು ಆಕೆ ತಲೆಯಾಡಿಸಿದರು.

"ಥೂ, ಅಲ್ಲೂ ಹಂಗ!" ಎಂದ ಅಮ್ಮ ಅವರ ತಟ್ಟೆಗೆ ಇನ್ನೊಂದು ಮಿರ್ಚಿ ಹಾಕಿದಳು. ಗಂಡ ತಲೆ ಬಗ್ಗಿಸಿ ತಿನ್ನುತ್ತಿದ್ದರು.

ಈಗ ನಾನು ಯಾರ ಕೈಕೆಳಗೂ ಇಲ್ಲ. ಬರುವ ಜನ ಕಡಿಮೆ. ಬಂದವರಿಗೆ ರಾಜರನ್ನೂ ಹೇಳುತ್ತೇನೆ, ನಮ್ಮನ್ನೂ ಹೇಳುತ್ತೇನೆ. ಕೆಲವರು ಮುಖ ತಿರುವುತ್ತಾರೆ. ಒಂದು ಸಲ ಜೊತೆಗೆ ಬಾ ಎಂದು ಅಮ್ಮನನ್ನು ಕರೆದೆ.

"ಟೂರಿಸ್ಟ್ ಮಂದಿಯಂಗ ನನ್ ಮನಿ ನೋಡ್ಲೇನು?" ಎಂದವಳು ಒಳಗೆ ಹೋಗಿ ಅಕ್ಕಿ ಆರಿಸುತ್ತ ಕೂತಳು.