ಅಪ್ಪ ಓದದೆ ಬಿಡುತ್ತಿದ್ದ ಅಧ್ಯಾಯ

ತೊಂಬತ್ತರ ದಶಕದ ಆರಂಭದಲ್ಲಿ, ನಾನು ಸಣ್ಣವಳಿದ್ದಾಗ, ಅಪ್ಪ ಅವ್ವನನ್ನು ಬಾರುಕೋಲಿನಿಂದ ಹೊಡೆಯುತ್ತಿದ್ದ. ಸಾರಿಗೆ ಉಪ್ಪು ಹೆಚ್ಚಾದರೆ ಹೊಡೆತ, ಕಡಿಮೆಯಾದರೂ ಹೊಡೆತ. ಒಮ್ಮೆ ಕೂದಲು ಹಿಡಿದೆಳೆದು ಅವಳ ತಲೆಯನ್ನು ಒರಳಿಗೆ ಜಪ್ಪಿದ. ತಡೆಯಲು ಎತ್ತಿದ ಎಡಗೈ ಮುರಿದು, ಸೊಟ್ಟಗೇ ಕೂಡಿಕೊಂಡಿತು. ಜೋಳದ ಚೀಲಗಳ ಹಿಂದೆ ಕೂತು ನಾನು ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಮಾತು ಅವನನ್ನು ನೋಡಿಯೇ ಹುಟ್ಟಿರಬೇಕು.

ಆಮೇಲೆ ಅಪ್ಪ ದೀಕ್ಷೆ ತೆಗೆದುಕೊಂಡ. ಕುಡಿತ ಬಿಟ್ಟ, ಹೊಡೆಯುವುದನ್ನೂ ಬಿಟ್ಟ. ಅಮ್ಮಿನಬಾವಿಯ ನಮ್ಮ ಓಣಿಯ ಮಠದಲ್ಲಿ ಶ್ರಾವಣದ ಪುರಾಣ ಓದುವ ಗೌರವ ಅವನಿಗೇ ಬಂತು. ದಾರಿಗಳ್ಳನೊಬ್ಬ ಜಂಗಮನ ಮಾತಿಗೆ ಕರಗಿ ಶರಣನಾದ ಕಥೆ ಅದು. ಶ್ರಾವಣದಲ್ಲಿ ನೆತ್ತರಿನ ಹೆಸರೆತ್ತಬಾರದೆಂಬುದು ನಮ್ಮ ಮಠದ ಪದ್ಧತಿ. ಹಾಗಾಗಿ ಕೊಲೆಗಳಿದ್ದ ಅಧ್ಯಾಯಕ್ಕೆ ಅಪ್ಪ ವಿಭೂತಿ ಹಚ್ಚಿ, "ಮುಂದ ಹೋಗೂಣ್ರಿ" ಎಂದು ನೇರ ಪಶ್ಚಾತ್ತಾಪಕ್ಕೆ ಜಿಗಿಯುತ್ತಿದ್ದ. ಕಳ್ಳ ಅಳುವಲ್ಲಿ ತಾನೂ ಅಳುತ್ತಿದ್ದ. ಜನ ಅವನನ್ನೇ ಶರಣ ಎನ್ನತೊಡಗಿದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಎರಡು ಸಾವಿರದ ಇಸವಿಯ ನಂತರ ನಾನು ಸಪ್ತಾಪುರದಲ್ಲಿ ಬಾಡಿಗೆ ಖೋಲಿ ಹಿಡಿದು ಎಂ.ಎ. ಓದುತ್ತಿದ್ದೆ. ಆಗ ಅದೇ ಕಥೆಯನ್ನು ಚಿತ್ರಗಳಲ್ಲೇ ಹೇಳುವ ಗ್ರಾಫಿಕ್ ನಾವೆಲ್ ಬಂದಿತ್ತು. ಎರಡನ್ನೂ ಹೋಲಿಸಿ ಪ್ರಬಂಧ ಬರೆಯಬೇಕಿತ್ತು. ಪುರಾಣದಲ್ಲಿ, ಅಪ್ಪ ಬಿಡುವ ಅಧ್ಯಾಯದಲ್ಲೂ, ಸತ್ತವರಿಗೆ ಮುಖವಿಲ್ಲ. ಪಶ್ಚಾತ್ತಾಪಕ್ಕೆ ಮಾತ್ರ ಪದ್ಯದ ಮೇಲೆ ಪದ್ಯ. ಗ್ರಾಫಿಕ್ ನಾವೆಲ್‌ನಲ್ಲಿ ಪುಟಪುಟಕ್ಕೂ ಕೊಡಲಿ. ಸೀಳಿದ ಹೆಗಲು, ಚಕ್ಕಡಿಯ ಗಾಲಿಗೆ ಸಿಕ್ಕ ಮುದುಕ, ಕಪ್ಪು ಮಸಿಯಲ್ಲಿ ಹರಿಯುವ ನೆತ್ತರು. ಪಶ್ಚಾತ್ತಾಪ ಒಂದೇ ಪುಟ. ಚಿತ್ರಕಾರ ಭಕ್ತಿಯ ಕಥೆಯನ್ನು ಕಟುಕರ ಅಂಗಡಿ ಮಾಡಿದ್ದಾನೆಂದು ಬರೆದು, ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಶ್ರಾವಣದ ಕೊನೆಗೆ ಊರಿಗೆ ಹೋದಾಗ ಆ ಪುಸ್ತಕ ಚೀಲದಲ್ಲಿತ್ತು. ಅವ್ವನಿಗೆ ಓದು ಬಾರದು. ಜೋಳ ಹಸನು ಮಾಡುವುದನ್ನು ನಿಲ್ಲಿಸಿ ಚಿತ್ರ ನೋಡುತ್ತ ಕೂತಳು. ಒಂದು ಕಡೆ ಅವಳ ಕೈ ನಿಂತಿತು. ನೆಲಕ್ಕೆ ಬಿದ್ದ ಹೆಂಗಸು, ಮುಖಕ್ಕೆ ಅಡ್ಡ ಹಿಡಿದ ಕೈ, ಮೇಲೆ ಕೊಡಲಿ.

"ಇಕಿ ಯಾರ?"

"ಕಳ್ಳ ಕೊಂದಾಕಿ, ಯವ್ವಾ. ಪುರಾಣದಾಗೂ ಅದಾಳ. ಅಪ್ಪ ಬಿಡ್ತಾನಲ್ಲ, ಆ ಅಧ್ಯಾಯದಾಗ."

"ಇಷ್ಟ ವರ್ಷ ಕೇಳೇನಿ, ಇಕಿ ಇದ್ದದ್ದ ನನಗ ಗೊತ್ತಿಲ್ಲ. ಶರಣ ಆದಮ್ಯಾಲ ಅವ ಇಕಿ ಕಡೆ ಬಂದಿದ್ನೇನ?"

"ಇಕಿ ಸತ್ತಾಳಲ್ಲವಾ."

"ಸತ್ತದ್ದು ಅವಗ ಛಲೋ ಆತು," ಎಂದಳು ಅವ್ವ.

ನನ್ನ ಪ್ರಬಂಧ ನೆನೆದು ನಾಚಿಕೆಯಾಯಿತು. ಪುರಾಣ ಮರೆಸಿದ್ದ ಸತ್ತವರನ್ನು ಚಿತ್ರಕಾರ ಕಾಣಿಸಿದ್ದನೆಂದು ಓದು ಬಾರದ ಅವ್ವನಿಗೆ ತಿಳಿದಿತ್ತು, ನನಗೆ ತಿಳಿದಿರಲಿಲ್ಲ.

ಮರುದಿನ ಪುರಾಣದ ಮಂಗಲ. ಓದಿದವನ ಪಾದ ತೊಳೆದು ಅವನ ಹೆಂಡತಿಯೇ ಆರತಿ ಬೆಳಗಬೇಕು, ಆಮೇಲೆಯೇ ಪ್ರಸಾದ. ಹರಿವಾಣ ಸಿದ್ಧವಾಗಿತ್ತು. ಅವ್ವ ಕೂತಲ್ಲಿಂದ ಏಳಲಿಲ್ಲ.

"ಏಳವಾ, ಮಂದಿ ಹಸದಾರ," ಎಂದರು ಮಠದ ಸ್ವಾಮಿಗಳು.

"ಇವರಿಗೆ ದೇವರು ಕ್ಷಮಾ ಮಾಡಿರಬೇಕ್ರಿ ಅಜ್ಜಾರ. ನೀವೂ ಮಾಡೀರಿ, ಊರೂ ಮಾಡೇತಿ. ಪೆಟ್ಟು ತಿಂದಾಕಿ ನಾನು. ನನ್ನ ಕಡೆ ಇನ್ನೂ ಯಾರೂ ಕೇಳಿಲ್ರಿ."

ಎಲ್ಲರೂ ಅಪ್ಪನನ್ನೇ ನೋಡಿದರು. ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲೆಂದು ನಾನೂ ಮನಸ್ಸಿನಲ್ಲೇ ಬೇಡಿಕೊಂಡೆ. ಕಳ್ಳನಿಗಾಗಿ ವರ್ಷವರ್ಷವೂ ಅತ್ತವನ ಬಲಗೈ ಪುಸ್ತಕದ ಮೇಲೆ ನಿಧಾನವಾಗಿ ಮುಷ್ಟಿ ಕಟ್ಟಿತು. ಅದನ್ನು ಅವ್ವ ನೋಡಿದಳು, ಊರೂ ನೋಡಿತು. ಅವಳು ಎದ್ದು, ಸೆರಗು ಸರಿಮಾಡಿಕೊಂಡು, ಹರಿವಾಣದ ಪಕ್ಕದಿಂದ ಹಾದು ಹೊರಗೆ ನಡೆದಳು.