ಮೂರು ಬಳೆಯ ಗಿಲಕಿ, ಅಕ್ಕನ ವೆಬ್‌ಸೈಟು

ನನ್ನ ಓರಗಿತ್ತಿಗೆ ವೆಬ್‌ಸೈಟು ಆದ ದಿನ ನಾನು ಸರಿಯಾಗಿ ಊಟ ಮಾಡಲಿಲ್ಲ. ಹಸಿವಿತ್ತು, ಮುದ್ದೆಯೂ ಬಿಸಿಯಾಗಿತ್ತು, ಆದರೂ ತಟ್ಟೆ ಪಕ್ಕಕ್ಕೆ ಸರಿಸಿದೆ. ಅದು ಹೊಟ್ಟೆಕಿಚ್ಚು. ಈ ವಯಸ್ಸಿನಲ್ಲಿ ಅದಕ್ಕೆ ಬೇರೆ ಹೆಸರಿಟ್ಟು ನಾನು ಯಾರನ್ನೂ ಮೆಚ್ಚಿಸಬೇಕಾಗಿಲ್ಲ.

ನಾವಿಬ್ಬರೂ ಚನ್ನಪಟ್ಟಣದ ಒಂದೇ ಮನೆಗೆ ಸೊಸೆಯರಾಗಿ ಬಂದವರು. ಅವಳು ಹಿರಿಯಳು, ಅಕ್ಕ ಅಂತಲೇ ಕರೆಯುತ್ತೇನೆ. ಮನೆ ಪಾಲಾಗಿ ಈಗ ನಡುವೆ ಒಂದು ಗೋಡೆ ಇದೆ. ಆ ಕಡೆ ಅವಳ ಮರ ಕಡೆಯುವ ಲೇತು ತಿರುಗಿದರೆ ಈ ಕಡೆ ನನ್ನ ಗೋಡೆ ಗುಂಯ್ ಅನ್ನುತ್ತದೆ. ಇಬ್ಬರದೂ ಗೊಂಬೆ ಕೆಲಸ. ಹಾಲೆಮರದ ತುಂಡನ್ನು ಲೇತಿಗೆ ಸಿಕ್ಕಿಸಿ ಉಳಿಯಲ್ಲಿ ಕಡೆಯುತ್ತೇವೆ. ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಬಿಸಿಗೆ ಅರಗು ಕರಗಿ ಹತ್ತಿಕೊಳ್ಳುತ್ತದೆ. ಆಮೇಲೆ ತಾಳೆಗರಿಯಲ್ಲಿ ಉಜ್ಜಿದರೆ ಹೊಳಪು. ನಾನು ಓದಿದ್ದು ನಾಲ್ಕನೇ ಕ್ಲಾಸು, ಅವಳು ಏಳು. ಆ ಮೂರು ಕ್ಲಾಸನ್ನು ಅವಳು ನಲವತ್ತು ವರ್ಷದಿಂದ ನನಗೆ ತೋರಿಸಿಕೊಂಡು ಬಂದಿದ್ದಾಳೆ.

ಅವತ್ತು ಫೋನು ಹಿಡಿದುಕೊಂಡು ಬಂದಳು.

"ನೋಡಮ್ಮಿ, ನಮ್ಮ ಸೊಸೆ ಮಾಡವ್ಳೆ. ಈಗ ಅಮೆರಿಕದಲ್ಲಿ ಕೂತ್ಕಂಡು ಬೇಕಾದ್ರೂ ನನ್ನ ನೋಡ್ಬೋದಂತೆ."

ನೋಡಿದೆ. ಲೇತಿನ ಮುಂದೆ ಅವಳು, ಅವಳ ಕೈಯಲ್ಲಿ ಉಳಿ. ಕೆಳಗೆ ಸಾಲಾಗಿ ಬುಗುರಿ, ಕುದುರೆ, ಗಿಲಕಿ. ಒಂದೊಂದನ್ನೂ ಒತ್ತಿದರೆ ಒಂದೊಂದು ಪುಟ. ಚೆನ್ನಾಗಿತ್ತು, ಅದೇ ಕಷ್ಟ.

"ಫೋಟೋದಲ್ಲಿ ದಪ್ಪ ಕಾಣ್ತೀಯ ಕಣಕ್ಕ," ಅಂದೆ.

"ದಪ್ಪ ಇದ್ದೀನಿ, ಅದ್ಕೇ ಕಾಣ್ತೀನಿ," ಅಂದು ಫೋನು ಸೆರಗಿನಲ್ಲಿ ಒರೆಸಿಕೊಂಡು ಹೋದಳು.

ಬರೀ ಹೊಟ್ಟೆಕಿಚ್ಚಾಗಿದ್ದರೆ ಎರಡು ದಿನಕ್ಕೆ ಸುಮ್ಮನಾಗುತ್ತಿದ್ದೆ. ಆದರೆ ಅದೇ ವಾರ ಮೈಸೂರಿನ ಅಂಗಡಿಯಮ್ಮ ಫೋನು ಮಾಡಿದರು. ಪ್ರತಿ ವರ್ಷ ಕಾರಿನಲ್ಲಿ ಬಂದು ಅಕ್ಕನ ಮನೆಯಲ್ಲೂ ನಮ್ಮ ಮನೆಯಲ್ಲೂ ಕೂತು, ಸಾಮಾನು ಮುಟ್ಟಿ ನೋಡಿ ಆರಿಸುತ್ತಿದ್ದವರು. ಈ ಸಲ ಮಂಡಿ ನೋವಂತೆ, ಬರುವುದಿಲ್ಲವಂತೆ. ಅಂಗಡಿಯಲ್ಲಿ ಮಕ್ಕಳ ಸಾಮಾನಿಗೆ ಹೊಸ ಭಾಗ ಮಾಡುತ್ತಿದ್ದಾರೆ, ಇದುವರೆಗೆ ನಮ್ಮಿಬ್ಬರ ಹತ್ತಿರವೂ ಕೊಳ್ಳದಿದ್ದ ಗಿಲಕಿಯನ್ನು ಈಗ ಒಬ್ಬರ ಹತ್ತಿರ ಮಾತ್ರ ತೆಗೆದುಕೊಳ್ಳುತ್ತಾರೆ. "ನಿಮ್ಮದೂ ವೆಬ್‌ಸೈಟ್ ಇದ್ದರೆ ಕಳಿಸಿ, ನೋಡಿ ಹೇಳುತ್ತೇನೆ," ಅಂದರು. ನಿಮ್ಮದೂ ಅಂದಾಗಲೇ ಗೊತ್ತಾಯಿತು, ಅಕ್ಕನದನ್ನು ಆಗಲೇ ನೋಡಿದ್ದಾರೆ.

ಗಿಲಕಿ ಅಂದರೆ ನನ್ನದು. ಹಿಡಿಯ ಸುತ್ತ ಮೂರು ಬಳೆ ಆಡುತ್ತವೆ. ಆ ಬಳೆಗಳು ಆಮೇಲೆ ತೂರಿಸಿದವಲ್ಲ. ಹಿಡಿ, ಬಳೆ ಎಲ್ಲ ಒಂದೇ ಮರದ ತುಂಡು, ಲೇತಿನ ಮೇಲೆ ತಿರುಗುತ್ತಿರುವಾಗಲೇ ಉಳಿಯಿಂದ ಬಳೆಯನ್ನು ಹಿಡಿಯಿಂದ ಬಿಡಿಸಬೇಕು. ಕೈ ಒಂದು ಕೂದಲಿನಷ್ಟು ತಪ್ಪಿದರೆ ಒಡೆದು ಮುಖಕ್ಕೆ ಹಾರುತ್ತದೆ. ಹಾಗೆ ಕಡೆಯುವುದನ್ನು ನಾನೇ ಕಂಡುಕೊಂಡಿದ್ದು. ಅಕ್ಕ ಮಾಡುವುದು ಒಳಗೆ ಕಾಳು ಹಾಕಿದ ಗುಂಡು ಗಿಲಕಿ, ಅದನ್ನು ಯಾರು ಬೇಕಾದರೂ ಮಾಡುತ್ತಾರೆ. ವೆಬ್‌ಸೈಟು ಇಲ್ಲ ಅನ್ನುವ ಒಂದೇ ಕಾರಣಕ್ಕೆ ಆ ಗುಂಡು ಗಿಲಕಿ ಮೈಸೂರಿಗೆ ಹೋಗಿ ನನ್ನದು ಬುಟ್ಟಿಯಲ್ಲಿ ಕೂರುವುದನ್ನು ನಾನು ನೋಡಲಾರೆ.

ನನ್ನ ಸೊಸೆ ದಿನಾ ರೈಲಿನಲ್ಲಿ ರಾಮನಗರಕ್ಕೆ ಹೋಗಿ ಜೆರಾಕ್ಸ್ ಅಂಗಡಿಯೊಂದರಲ್ಲಿ ಟೈಪಿಂಗ್ ಮಾಡುತ್ತಾಳೆ. ಅವಳು ಬಂದು ಚಪ್ಪಲಿ ಬಿಡುವ ಮೊದಲೇ ಹೇಳಿದೆ.

"ನಂಗೂ ಒಂದು ಸೈಟು ಬೇಕು."

"ಯಾವ ಲೇಔಟಲ್ಲಿ ಅತ್ತೆ?"

"ತಮಾಸೆ ಮಾಡ್ಬ್ಯಾಡ. ಅವಳಿಗಿರೋ ಅಂಥದ್ದು."

ಅವಳಿಗೂ ಅಕ್ಕನ ಸೊಸೆಗೂ ಚೆನ್ನಾಗಿದೆ, ಗೋಡೆ ಇರುವುದು ನಮಗೆ ಮಾತ್ರ. ಅಕ್ಕನ ಸೊಸೆ ತಾನು ಮಾಡಿದ್ದ ಇಡೀ ಫೋಲ್ಡರನ್ನು ಒಂದು ಪೆನ್‌ಡ್ರೈವಿಗೆ ಹಾಕಿ ಕೊಟ್ಟಳು. ಪಟಗಳನ್ನೂ ಮಾತನ್ನೂ ಬದಲಾಯಿಸಿಕೊಂಡರೆ ಸಾಕು ಅಂದಳಂತೆ.

ಭಾನುವಾರ ನಾನೂ ನನ್ನ ಸೊಸೆಯೂ ಲ್ಯಾಪ್‌ಟಾಪು ಇಟ್ಟುಕೊಂಡು ಕೂತೆವು. ಸೊಸೆ ವಿವರಿಸಿದಳು.

"ಇದು ಬಂದೋರ್ಗೆಲ್ಲ ಆಗಾಗ್ಲೇ ದೋಸೆ ಹಾಕೋ ಹೋಟ್ಲಲ್ಲ ಅತ್ತೆ. ಎಲ್ಲಾನೂ ಮೊದ್ಲೇ ಮಾಡಿ ಡಬ್ಬಿಗೆ ತುಂಬಿಟ್ಬುಡ್ತೀವಿ. ಬಂದೋರು ತೆಗ್ದು ನೋಡ್ಕಂಡು ಹೋಯ್ತಾರೆ. ಅದ್ಕೇ ಬೇಗ ತೆರ್ಕತದೆ."

ನಮ್ಮ ಮಾತನ್ನು ಒಂದು ಫೈಲಿನಲ್ಲಿ ಬರೀ ಮಾತಾಗಿ ಬರೆಯುವುದು. ಮೇಲೆ ಮೂರು ಗೀಟು ಎಳೆದು ತಲೆಬರಹ. ಪುಟದ ಬಣ್ಣ, ಅಂಚು, ಅಕ್ಷರದ ಗಾತ್ರ ಎಲ್ಲ ಬೇರೆ ಕಡೆ ಅಚ್ಚಿನ ಥರ ಇರುತ್ತದೆ. ಕಪ್ಪು ಪರದೆಯಲ್ಲಿ ಒಂದು ಸಾಲು ಹೊಡೆದರೆ ಮಾತು ಹೋಗಿ ಅಚ್ಚಿನಲ್ಲಿ ಕೂತು ಪುಟವಾಗಿ ಬೀಳುತ್ತದೆ. ಆ ಪುಟಗಳ ಫೋಲ್ಡರನ್ನು ಇಂಟರ್ನೆಟ್ಟಿಗೆ ಏರಿಸಿದರೆ ಮುಗಿಯಿತು. ಇದರಲ್ಲಿ ನನಗೆ ಅರ್ಥವಾಗದ್ದು ಏನೂ ಇರಲಿಲ್ಲ. ಅರ್ಥವಾಗದ್ದು ಇದ್ದದ್ದು ಇನ್ನೊಂದು ಫೈಲಿನಲ್ಲಿ, ಉದ್ದಕ್ಕೂ ಇಂಗ್ಲಿಷು. ಸೊಸೆ ಅದನ್ನು ತೆಗೆದು, "ಇದ್ರಲ್ಲೇನೋ ಬದಲಾಯಿಸ್ಬೇಕೇನೋ, ಮಾಡ್ದೋಳ್ನೇ ಕೇಳ್ಲಾ?" ಅಂದಳು.

ಬೇಡ ಅಂದವಳು ನಾನು. ನಮ್ಮ ಕೆಲಸದಲ್ಲಿ ಒಂದು ಕ್ರಮವಿದೆ. ಹೊಸ ಸಾಮಾನು ಕಡೆಯುವಾಗ ಮಾದರಿಯನ್ನು ಲೇತಿನ ಪಕ್ಕದಲ್ಲಿ ದಾರ ಕಟ್ಟಿ ನೇತುಹಾಕುತ್ತೇವೆ. ಮಾದರಿಯಲ್ಲಿ ಒಂದು ಗೀರಿದ್ದರೆ ಗೀರೂ ಬರಬೇಕು. ಅದು ಯಾಕಿದೆ ಅಂತ ಗೊತ್ತಿಲ್ಲದವಳು ಅದನ್ನು ತೆಗೆಯುವಂತಿಲ್ಲ. ಬದಲಾಯಿಸುವುದು ಬಣ್ಣ ಮಾತ್ರ.

"ಗೊತ್ತಿಲ್ದೇ ಇರೋದ್ನ ಮುಟ್ಬ್ಯಾಡ. ಅವಳ್ದು ಹೆಂಗೈತೋ ಹಂಗೇ ಇರ್ಲಿ. ಪಟ ನಂದು, ಫೋನ್ ನಂಬರ್ ನಂದು, ಅಷ್ಟೇ."

ಅಕ್ಕನ ಮುಂಪುಟದಲ್ಲಿ 'ಈ ಕೆಲಸ ನನಗೆ ನಮ್ಮ ಅತ್ತೆ ಕಲಿಸಿದರು' ಅಂತ ಒಂದು ಸಾಲಿತ್ತು. ಅದನ್ನೂ ಹಾಗೇ ಉಳಿಸಿದೆ. ಓದಲು ಗೌರವವಾಗಿತ್ತು.

ಲ್ಯಾಪ್‌ಟಾಪಿನಲ್ಲಿ ಎಲ್ಲ ಒತ್ತಿ ಒತ್ತಿ ನೋಡಿದೆವು. ಗಿಲಕಿ ಒತ್ತಿದರೆ ನನ್ನ ಗಿಲಕಿಯ ಪುಟ, ಕೆಳಗೆ ನನ್ನ ನಂಬರು. ಸೊಸೆ ಏರಿಸಿದಳು. ಆಮೇಲೆ ನನ್ನ ಫೋನಿನಲ್ಲಿ ತೆರೆದು ಕೊಟ್ಟಳು. ನಾನು ಮುಂಪುಟವನ್ನೇ ನೋಡುತ್ತ ಕೂತೆ, ಇನ್ನೇನನ್ನೂ ಒತ್ತಲಿಲ್ಲ. ಅಕ್ಕನ ಪಟಕ್ಕಿಂತ ನನ್ನ ಪಟ ಚೆನ್ನಾಗಿ ಬಂದಿತ್ತು. ಸೊಸೆ ಅದರ ವಿಳಾಸವನ್ನು ಮೈಸೂರಿಗೆ ಕಳಿಸಿದಳು.

ಒಂದು ವಾರವಾದರೂ ನನ್ನ ಫೋನು ಸದ್ದು ಮಾಡಲಿಲ್ಲ. ಗೋಡೆಯ ಆಚೆ ಅವಳದು ಬಾರಿಸುತ್ತಲೇ ಇತ್ತು. ಲೇತು ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದೆ. ಒಂದು ದಿನ "ಹೇಳಿ ಮೇಡಂ, ಮೈಸೂರಲ್ಲಿ ಮಳೆನಾ?" ಅನ್ನುವುದು ಕೇಳಿತು. ಆಗ ಲೇತು ಇನ್ನೂ ತಿರುಗುತ್ತಿತ್ತು, ಬಿಡಿಸುತ್ತಿದ್ದ ಬಳೆ ಒಡೆಯಿತು.

ಸಂಜೆ ಅವಳೇ ಬಂದಳು. ಕೂರುವ ಮೊದಲೇ ಶುರುಮಾಡಿದಳು.

"ಏನಮ್ಮಿ, ಮೈಸೂರಿನಮ್ಮ ನನ್ನ ಹತ್ರ ಮೂರು ಬಳೆ ಗಿಲಕಿ ಕೇಳ್ತಾವ್ರೆ. ನಾನ್ಯಾವತ್ತು ಬಳೆ ಗಿಲಕಿ ಮಾಡ್ದೆ?"

"ನನ್ನ ಕೇಳಿದ್ರೆ?"

"ನಿನ್ನೇ ಕೇಳ್ಬೇಕು. ನಿನ್ನ ಗಿಲಕಿ ಒತ್ತಿದ್ರೆ ನಮ್ಮನೆ ಬಾಗ್ಲು ತೆಕ್ಕತದೆ."

ಫೋನನ್ನು ನನ್ನ ತೊಡೆಯ ಮೇಲಿಟ್ಟು ಒತ್ತಿದಳು. ನನ್ನ ಮುಂಪುಟ, ನನ್ನ ಗಿಲಕಿ. ಒತ್ತಿದ ಕೂಡಲೇ ಅವಳ ಗುಂಡು ಗಿಲಕಿ, ಅವಳ ನಂಬರು. ಬುಗುರಿ ಒತ್ತಿದರೂ ಅವಳೇ, ಕುದುರೆ ಒತ್ತಿದರೂ ಅವಳೇ.

"ನೀನೇ ಏನೋ ಮಾಡ್ಸಿದ್ದೀಯ, ನಿನ್ನ ಸೊಸೆ ಕೈಲಿ," ಅಂದೆ. ಹಾಗೆಂದೇ ನಂಬಿದ್ದೆ.

"ನಂಗೆ ಬ್ಯಾರೆ ಕೆಲ್ಸ ಇಲ್ವಾ?" ಅಂದಳು. "ಅದಿರ್ಲಿ, ಅತ್ತೆ ನಿಂಗ್ಯಾವಾಗ ಕಲ್ಸಿದ್ರು? ನೀನು ಬರೋ ಹೊತ್ಗೆ ಅವ್ರಿಗೆ ಕಣ್ಣೇ ಕಾಣ್ತಿರ್ಲಿಲ್ಲ. ನಿನ್ನ ಕೈ ಹಿಡ್ದು ಉಳಿ ಹಿಡಿಸ್ದೋಳು ನಾನು."

ಅದು ನಿಜ.

ಸೊಸೆ ರೈಲಿಳಿದು ಬಂದಳು. ಲ್ಯಾಪ್‌ಟಾಪು ತೆಗೆದು ಆ ಇಂಗ್ಲಿಷು ಫೈಲು ನೋಡಿದಳು. ಅವಳ ಮುಖ ಸಪ್ಪಗಾಯಿತು.

"ಮೊದಲ್ನೇ ಸಾಲು ಅತ್ತೆ. ಸೈಟಿನ ವಿಳಾಸ. ಇಲ್ಲಿ ಇನ್ನೂ ದೊಡ್ಡತ್ತೇದೇ ಐತೆ. ಯಾವ್ದನ್ನ ಒತ್ತಿದ್ರೂ ಆ ವಿಳಾಸಕ್ಕೇ ಹೋಯ್ತದೆ."

"ಮನೇಲಿ ನೋಡ್ದಾಗ ಸರಿಯಾಗಿತ್ತಲ್ಲ?"

"ಮನೇಲಿ ನೋಡೋವಾಗ ಅದು ಈ ಸಾಲ್ನ ಬುಟ್ಟು ಲ್ಯಾಪ್‌ಟಾಪಿನ ವಿಳಾಸಾನೇ ಹಾಕ್ಕತದೆ. ಏರಿಸ್ದಾಗ ಮಾತ್ರ ಇಲ್ಲಿರೋದ್ನ ಹಾಕ್ಕತದೆ."

"ನೀನ್ಯಾಕೆ ಬದಲಾಯಿಸ್ಲಿಲ್ಲ?"

"ಮುಟ್ಬ್ಯಾಡ ಅಂದೋರು ಯಾರು?"

ಅಕ್ಕ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು. ಸೊಸೆ ಆ ಒಂದು ಸಾಲು ತಿದ್ದಿ, ಮತ್ತೆ ಪುಟಗಳನ್ನು ಕಟ್ಟಿ ಏರಿಸಿದಳು. ಅತ್ತೆ ಕಲಿಸಿದರು ಅನ್ನುವ ಸಾಲನ್ನು ನಾನೇ ತೆಗೆಸಿದೆ. ಆ ಜಾಗದಲ್ಲಿ ಬೇರೆ ಏನೂ ಬರೆಸಲಿಲ್ಲ.

ಕೊನೆಗೆ ಕೇಳಲೇಬೇಕಾದ್ದನ್ನು ಕೇಳಿದೆ.

"ಮೈಸೂರಿನಮ್ಮಂಗೆ ಏನಂದೆ?"

"ನಂದಲ್ಲ, ಗೋಡೆಯಾಚೆ ಇರೋಳ್ದು ಅಂದೆ. ಗಿಲಕಿ ಕೆಲ್ಸ ಹೆಂಗೆ ಅಂದ್ರು. ಕೈ ಚೆನ್ನಾಗೈತೆ, ಬಾಯಿ ಸರಿಯಿಲ್ಲ ಅಂದೆ. ನಾಳೆ ನಿಂಗೇ ಫೋನ್ ಮಾಡ್ತಾರೆ."

ತಾನೇ ಮಾಡಿ ಕೊಡುತ್ತೇನೆ ಅಂದುಬಿಟ್ಟಿದ್ದರೆ ಅವಳನ್ನು ಜನ್ಮಪೂರ್ತಿ ಬೈಯಲು ನನಗೆ ಒಂದು ಕಾರಣ ಸಿಗುತ್ತಿತ್ತು. ಅದನ್ನೂ ಕೊಡಲಿಲ್ಲ. ಹಾಗೆ ಧಾರಾಳವಾಗಿ ಹೇಳಲು ಅವಳಿಂದಾಗುತ್ತದೆ, ನನ್ನಿಂದಾಗುತ್ತಿರಲಿಲ್ಲ. ಅದಕ್ಕೂ ಹೊಟ್ಟೆ ಉರಿಯಿತು.

ಮೈಸೂರಿನವರು ಮುನ್ನೂರು ಗಿಲಕಿ ಕೇಳಿದರು, ಒಂದೇ ತಿಂಗಳಲ್ಲಿ. ದಿನಕ್ಕೆ ಎಂಟರ ಮೇಲೆ ನನ್ನ ಕೈಯಲ್ಲಿ ಆಗುವುದಿಲ್ಲ. ದೊಡ್ಡತ್ತೆಯನ್ನು ಕೇಳಿ ಅಂತ ಸೊಸೆ ಮೊದಲ ದಿನವೇ ಹೇಳಿದಳು. ಆರು ದಿನ ಕೇಳಲಿಲ್ಲ. ಏಳನೇ ದಿನ ಭುಜ ಮೇಲೇಳಲಿಲ್ಲ. ಒಂದು ಗಿಲಕಿ ತೆಗೆದುಕೊಂಡು ಆ ಕಡೆ ಹೋದೆ.

"ತಗೋ, ಮಾದರಿ," ಅಂದೆ.

ಅವಳು ತಿರುಗಿಸಿ ನೋಡಿದಳು, ಬಳೆಗಳನ್ನು ಕಿವಿಯ ಹತ್ತಿರ ಆಡಿಸಿದಳು. ಲೇತಿನ ಪಕ್ಕಕ್ಕೆ ದಾರದಲ್ಲಿ ಕಟ್ಟಿದಳು.

ಕೂಲಿಯ ಮಾತು ಮೊದಲೇ ಆಡಿಕೊಂಡೆವು, ಅದರಲ್ಲಿ ತಕರಾರಿಲ್ಲ. ಎರಡು ದಿನ ಅವಳ ಲೇತು ತಡೆತಡೆದು ತಿರುಗಿತು, ಬಳೆ ಒಡೆದ ಸದ್ದು ಗೋಡೆಯಾಚೆಯಿಂದ ಕೇಳುತ್ತಿತ್ತು. ಸಂತೋಷವಾಯಿತು. ಮೂರನೇ ದಿನ ಒಡೆಯುವುದು ನಿಂತಿತು. ಸಂಜೆ ಒಂದು ಮೊರದ ತುಂಬ ತಂದು ಇಟ್ಟು ಹೋದಳು.

ಕೈಗೆತ್ತಿಕೊಂಡು ನೋಡಿದೆ. ಬಳೆಯ ಒಳಮೈ ಅನ್ನುವುದು ಉಳಿಗೆ ಸರಿಯಾಗಿ ಸಿಗದ ಜಾಗ. ಅಲ್ಲಿ ನನ್ನದು ಯಾವತ್ತೂ ಸ್ವಲ್ಪ ತರಿತರಿ, ಮರಳು ಕಾಗದದಲ್ಲಿ ಉಜ್ಜಿ ಮರೆಸುತ್ತೇನೆ. ಅವಳದು ಉಜ್ಜದೆಯೇ ನುಣ್ಣಗಿತ್ತು. ಒಂದಲ್ಲ, ಅಷ್ಟೂ. ಹೇಗೆ ಮಾಡಿದೆ ಅಂತ ಕೇಳಲಿಲ್ಲ, ಇವತ್ತಿಗೂ ಕೇಳಿಲ್ಲ.

ಮುನ್ನೂರೂ ಆದ ದಿನ ಪೆಟ್ಟಿಗೆಗಳನ್ನು ನಾನೇ ತುಂಬಿದೆ. ನನ್ನವನ್ನು ತಳಕ್ಕೆ ಹಾಕಿದೆ. ಪೆಟ್ಟಿಗೆ ತೆರೆದ ಕೂಡಲೇ ಕಣ್ಣಿಗೆ ಬೀಳುವ ಮೇಲಿನ ಸಾಲಿಗೆ ಅವಳು ಮಾಡಿದ್ದನ್ನೇ ಜೋಡಿಸಿದೆ. ಮುಚ್ಚಳ ಮುಚ್ಚಿ, ಅದರ ಮೇಲೆ ನನ್ನ ವೆಬ್‌ಸೈಟಿನ ವಿಳಾಸದ ಚೀಟಿ ಅಂಟಿಸಿದೆ.