ಅಂದಾಜಿನ ಮೂಗು

ಕಳೆದ ತಿಂಗಳು ಪುತ್ತೂರು ಬಸ್ ಸ್ಟ್ಯಾಂಡಿನಲ್ಲಿ ಸತ್ತವನೊಬ್ಬ ನನ್ನನ್ನು ಹೆಸರು ಹಿಡಿದು ಕರೆದ.

ತಮಾಷೆಯಲ್ಲ. ಅವನ ಉತ್ತರಕ್ರಿಯೆಯ ಊಟಕ್ಕೆ ನಾನು ಹೋಗಿದ್ದೆ. ಪಾಯಸವೂ ಇತ್ತು. ಉಂಡು, ಕೈ ತೊಳೆದು, ಅವನ ಅಣ್ಣನಿಗೆ ಸಮಾಧಾನದ ಮಾತು ನಾಲ್ಕು ಹೇಳಿ ಬಂದಿದ್ದೆ.

ಅವತ್ತು ಶಾಲೆಗೆ ಬೇಕಾದ ಸೀಮೆಸುಣ್ಣ, ಭೂಪಟ ತರಲೆಂದು ಪುತ್ತೂರಿಗೆ ಹೋದವನು ಪಂಜದ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಬಿಳಿ ಜುಬ್ಬಾದವರೊಬ್ಬರು ಹತ್ತಿರ ಬಂದು, ಒಡಕು ಸ್ವರದಲ್ಲಿ, "ಶೇಷಪ್ಪ ಅಲ್ವಾ?" ಅಂದರು. ನೀಳವಾದ ನೇರ ಮೂಗು, ದಟ್ಟ ಹುಬ್ಬು. ಎಷ್ಟು ನೋಡಿದರೂ ಗುರುತು ಹತ್ತಲಿಲ್ಲ. ಯಾವುದಕ್ಕೂ ಇರಲಿ ಎಂದು ಭೂಪಟದ ಸುರುಳಿಯನ್ನು ಕಂಕುಳಿಗೆ ಸಿಕ್ಕಿಸಿ ಕೈ ಮುಗಿದೆ. (ನಮ್ಮಂಥ ಮಾಷ್ಟ್ರುಗಳಿಗೆ ಗುರುತಿಲ್ಲದವರೆಲ್ಲ ಸ್ಕೂಲ್ ಇನ್ಸ್‌ಪೆಕ್ಟರುಗಳೇ.)

"ಎಂತ ಮಾರಾಯ, ಗುರುತು ಸಿಗ್ಲಿಲ್ವಾ? ನಾನು ಚೆನ್ನಪ್ಪ. ಕಡಬದ ರೂಮಿನ ಚೆನ್ನಪ್ಪ."

ಮುಗಿದ ಕೈಯನ್ನು ಕೆಳಗಿಳಿಸಲು ನನಗೆ ಮರೆತೇ ಹೋಯಿತು.

(ಅದು ಅವನ ನಿಜವಾದ ಹೆಸರಲ್ಲ. ಊರನ್ನೂ ಒಂದೆರಡು ಮೈಲು ಆಚೀಚೆ ಮಾಡಿದ್ದೇನೆ. ದಯವಿಟ್ಟು ಹುಡುಕಲು ಹೋಗಬೇಡಿ. ಯಾಕೆಂದು ಕೊನೆಗೆ ನಿಮಗೇ ತಿಳಿಯುತ್ತದೆ.)

ನಮ್ಮ ಜಿಲ್ಲೆ ಇನ್ನೂ ಮದರಾಸು ರಾಜ್ಯದಲ್ಲಿದ್ದ ಕಾಲದ ಮಾತು. ನನಗೂ ಚೆನ್ನಪ್ಪನಿಗೂ ಕಡಬದ ಒಂದೇ ಶಾಲೆಯಲ್ಲಿ ಕೆಲಸ ಸಿಕ್ಕಿತ್ತು. ಇಬ್ಬರಿಗೂ ಇಪ್ಪತ್ತೆರಡು ಇಪ್ಪತ್ತಮೂರರ ಪ್ರಾಯ. ಒಂದೇ ರೂಮು, ಒಂದೇ ಒಲೆ, ಗಂಜಿ ಬೇಯಿಸಲು ಒಂದೇ ಪಾತ್ರೆ. ಅವನ ಮನೆ ಕೊಲ್ಲಮೊಗ್ರಿನ ಕಡೆ, ಕಾಡಿನ ಅಂಚಿಗೆ. ಲೆಕ್ಕದ ಮಾಷ್ಟ್ರು. ಹುಣಸೆ ಬೀಜ ಹರಡಿ ಕೂತು ಅವನು ಭಾಗಾಕಾರ ಹೇಳಿಕೊಡುತ್ತಿದ್ದರೆ ಪಕ್ಕದ ಕ್ಲಾಸಿನ ನನ್ನ ಮಕ್ಕಳೂ ಕಿಟಕಿಯಲ್ಲಿ ಇಣುಕುತ್ತಿದ್ದರು.

ಎರಡನೆಯ ವರ್ಷ ನನಗೆ ಟೈಫಾಯ್ಡ್ ಬಂತು. ಮೂರು ವಾರ ಮಲಗಿದೆ. ಗಂಜಿ ಕುಡಿಸಿದವನು ಅವನು. ನನ್ನ ಹೊದಿಕೆ ಒಗೆದವನು ಅವನು. ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ. ನಾನು ನೆನಪಿಟ್ಟುಕೊಳ್ಳಲಿಲ್ಲ.

ಮರುವರ್ಷ ಅವನ ಹುಬ್ಬಿನ ತುದಿಗಳು ಉದುರತೊಡಗಿದವು. "ಹುಬ್ಬು ಎಲ್ಲಿ ಅಡವಿಟ್ಟೆ?" ಎಂದು ನಾನು ಗೇಲಿ ಮಾಡಿದೆ. ಅವನೂ ನಕ್ಕ. ಆಮೇಲೆ ಕಿವಿಗಳು ದಪ್ಪಗಾದವು. ಒಂದು ಬೆಳಿಗ್ಗೆ ಒಲೆಯ ಮೇಲಿನ ಕುದಿಯುವ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿದ. ಅಂಗೈಯಲ್ಲಿ ಬೊಬ್ಬೆ ಎದ್ದರೂ ಅವನಿಗೆ ಗೊತ್ತೇ ಆಗಲಿಲ್ಲ. ಇಬ್ಬರೂ ಆ ಕೈಯನ್ನು ನೋಡಿದೆವು.

ಪುತ್ತೂರಿನ ಡಾಕ್ಟರರು ಹೇಳಿದ್ದು ಒಂದೇ ಶಬ್ದ. ಕುಷ್ಠ.

ಅವನು ಸಾಮಾನು ಒಯ್ಯಲು ಬಂದ ದಿನ ನಾನು ಎಂತ ಮಾಡಿದೆ ಗೊತ್ತಾ? ಅವನ ಟ್ರಂಕನ್ನು ಮೊದಲೇ ಜಗಲಿಗೆ ತಳ್ಳಿ, ಬಾಗಿಲು ಹಾಕಿಕೊಂಡು ಕಿಟಕಿಯ ಹಿಂದೆ ನಿಂತಿದ್ದೆ. ಬಸ್ಸು ನಾಲ್ಕು ಗಂಟೆಗೆ ಉಂಟು ಎಂದು ಅಲ್ಲಿಂದಲೇ ಹೇಳಿದೆ. ಅವನು ಟ್ರಂಕು ಎತ್ತಿಕೊಂಡು, ಗಂಜಿಯ ಪಾತ್ರೆ ನಿನಗೇ ಇರಲಿ ಎಂದು ಹೇಳಿ ಹೋದ. ಅವನ ಚಾಪೆಯನ್ನು ಸುಟ್ಟೆ. ಪಾತ್ರೆಯನ್ನು ಹೊಳೆಗೆ ಎಸೆದೆ. ಫಿನಾಯಿಲು ಹಾಕಿ ರೂಮು ತೊಳೆದೆ.

ಮನೆಯವರು ಅವನನ್ನು ಗದ್ದೆಯಾಚೆಯ ಗುಡಿಸಲಿನಲ್ಲಿ ಇರಿಸಿದರಂತೆ. ಕೆಲವು ತಿಂಗಳಲ್ಲಿ ಅಲ್ಲಿಂದಲೂ ಮಾಯವಾದ. ಎರಡು ವರ್ಷ ಕಳೆದ ಮೇಲೆ, ಮದರಾಸು ಕಡೆ ಎಲ್ಲೋ ತೀರಿಕೊಂಡನೆಂದು ಅಣ್ಣ ಊರಿಗೆಲ್ಲ ಹೇಳಿಸಿದರು. ಯಾರು ಸುದ್ದಿ ತಂದದ್ದು? ಯಾರೂ ಕೇಳಲಿಲ್ಲ. ಅಣ್ಣನಿಗೆ ಹೆಣ್ಣು ಮಕ್ಕಳಿದ್ದರು. ಕುಷ್ಠರೋಗಿ ಇರುವ ಮನೆಗೆ ಸಂಬಂಧ ಕುದುರುವುದಿಲ್ಲ, ಸತ್ತ ಮನೆಗೆ ಕುದುರುತ್ತದೆ. ಊಟಕ್ಕೆ ಕೂತ ನಮಗೆಲ್ಲರಿಗೂ ಒಳಗೊಳಗೇ ಸಂಶಯವಿತ್ತು. ಆದರೂ ಉಂಡೆವು.

ಇನ್ನು ಮೂರು ವರ್ಷ ಕಳೆದು ನನಗೊಂದು ಕಾಗದ ಬಂತು. ಅಕ್ಷರ ನೋಡಿದಾಗಲೇ ಯಾರದೆಂದು ಗೊತ್ತಾಯಿತು. ಅದರಲ್ಲಿ ಎಂತ ಇತ್ತು ಎಂದು ಆಮೇಲೆ ಹೇಳುತ್ತೇನೆ. ಈಗ ಪುತ್ತೂರಿಗೆ ಬರುವಾ.

ಕಾಫಿ ಕುಡಿಯುವಾ ಎಂದು ಕರೆದರೆ ಚೆನ್ನಪ್ಪ ಹೋಟೆಲಿನ ಮೆಟ್ಟಿಲಲ್ಲೇ ನಿಂತ. ಜೇಬಿಗೆ ಕೈ ಹಾಕಿ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದ. ರೋಗ ಪೂರ್ತಿ ವಾಸಿಯಾಗಿದೆ, ಯಾರಿಗೂ ಅಂಟುವುದಿಲ್ಲ ಎಂಬ ಆಸ್ಪತ್ರೆಯ ಸರ್ಟಿಫಿಕೇಟು. ಅವನನ್ನು ಯಾರೂ ಕೇಳಿರಲಿಲ್ಲ. ಮಾಣಿ ಮುಖ ಕೂಡ ನೋಡದೆ ಎರಡು ಕಾಫಿ ತಂದು ಕುಕ್ಕಿ ಹೋದ. ಆ ಅಲಕ್ಷ್ಯ ಚೆನ್ನಪ್ಪನಿಗೆ ಎಷ್ಟು ಹಿತವಾಯಿತೆಂದರೆ ಲೋಟವನ್ನೇ ನೋಡುತ್ತಾ ಕಾಫಿ ಕುಡಿಯುವುದನ್ನೇ ಮರೆತ.

ಕತೆಯನ್ನು ಅವನೇ ಹೇಳಿದ. ಗುಡಿಸಲಿನಿಂದ ಹೊರಟವನು ತಮಿಳು ಸೀಮೆಯ ಒಂದು ಮಿಶನ್ ಆಸ್ಪತ್ರೆ ಸೇರಿದ. ಈ ರೋಗಕ್ಕೆ ಈಗ ಮಾತ್ರೆ ಉಂಟು. ವರ್ಷಗಟ್ಟಲೆ ನುಂಗಿದ. ರೋಗ ಹೋಯಿತು. ಆದರೆ ರೋಗ ಬಿಟ್ಟುಹೋದ ಮುಖ? ಹುಬ್ಬಿಲ್ಲ. ಮೂಗಿನ ಒಳಗಿನ ಎಲುಬು ಕರಗಿ, ಮೂಗು ಕೆನ್ನೆಗಳ ನಡುವೆ ಕುಸಿದಿದೆ. ಸರ್ಟಿಫಿಕೇಟು ತೋರಿಸಿದರೂ ಕಂಡಕ್ಟರ್ ಬಸ್ಸಿನಿಂದ ಇಳಿಸುತ್ತಿದ್ದ. ಕಾಗದವನ್ನು ಓದುವವರು ಯಾರು, ಮುಖವನ್ನು ಎಲ್ಲರೂ ಓದುತ್ತಾರೆ.

ಅಲ್ಲಿನ ಡಾಕ್ಟರುಗಳು ಇಂಥ ಮುಖಗಳನ್ನು ಮತ್ತೆ ಕಟ್ಟುವುದು ಹೇಗೆಂದು ಹೊಸ ಹೊಸ ಕ್ರಮಗಳನ್ನು ಹುಡುಕುತ್ತಿದ್ದರಂತೆ. ಮೂಗಿನ ಹೊರಗಿನ ಚರ್ಮ ಹಾಳಾಗಿರುವುದಿಲ್ಲ, ಒಳಗಿನ ಪದರ ಸುಕ್ಕುಗಟ್ಟಿ ಎಳೆದಿರುತ್ತದೆ, ಅಷ್ಟೆ. ಹಾಗಾಗಿ ಮೇಲ್ದುಟಿಯ ಅಡಿಯಿಂದ ಕೊಯ್ದು, ಆ ಪದರವನ್ನು ಬಿಡಿಸಿ, ತೊಡೆಯ ತೆಳು ಚರ್ಮವನ್ನು ಮೂಗಿನ ಆಕಾರದ ಅಚ್ಚಿಗೆ ಸುತ್ತಿ ಒಳಗೆ ಇಟ್ಟರು. ಅಚ್ಚನ್ನು ತಿಂಗಳುಗಟ್ಟಲೆ ಮೂಗಿನೊಳಗೆ ಇಟ್ಟುಕೊಳ್ಳಬೇಕು. ಆಮೇಲೆ ಇನ್ನೊಂದು ಆಪರೇಶನ್. ಸೊಂಟದ ಎಲುಬಿನ ಒಂದು ಚೂರನ್ನು ಕೆತ್ತಿ ಮೂಗಿಗೆ ತೊಲೆಯ ಹಾಗೆ ಕೂರಿಸಿದರು. ಹುಬ್ಬಿಗೆ, ಕಿವಿಯ ಮೇಲಿನ ಕೂದಲಿರುವ ಚರ್ಮದ ಪಟ್ಟಿಯನ್ನು ರಕ್ತನಾಳದ ಸಮೇತ ತೆಗೆದು, ಚರ್ಮದ ಅಡಿಯಲ್ಲೇ ದಾರಿ ಮಾಡಿ ಹಣೆಗೆ ತಂದರು. ತಲೆಯ ಕೂದಲಲ್ಲವೇ, ಹುಬ್ಬಾದರೂ ಅದು ಉದ್ದ ಬೆಳೆಯುತ್ತಲೇ ಇರುತ್ತದೆ. ವಾರ ವಾರ ಕತ್ತರಿಸಬೇಕು. ಜೇಬಿನಲ್ಲಿ ಪುಟ್ಟ ಕತ್ತರಿ ಇಟ್ಟುಕೊಂಡಿದ್ದಾನೆ. ಅದನ್ನು ತೋರಿಸುವಾಗ ಮಾತ್ರ ಹಳೆಯ ಚೆನ್ನಪ್ಪ ಒಂದು ಗಳಿಗೆ ಕಂಡ.

ಎಲುಬು ಕೆತ್ತುವ ಮೊದಲು ಡಾಕ್ಟರರು ಅವನ ಹಳೆಯ ಫೋಟೋ ಕೇಳಿದರಂತೆ. ಮೂಗು ಮೊದಲು ಹೇಗಿತ್ತು ಎಂದು ಗೊತ್ತಾದರೆ ಹಾಗೇ ಮಾಡಲು ನೋಡುತ್ತೇವೆ ಎಂದರಂತೆ. ಮನೆಯಲ್ಲಿದ್ದ ಫೋಟೋಗಳನ್ನೆಲ್ಲ, ಅವನು ಗುಡಿಸಲಿನಲ್ಲಿದ್ದಾಗಲೇ ಅಣ್ಣ ಸುಟ್ಟಿದ್ದರು. ಉಳಿದದ್ದು ಕಡಬದ ಶಾಲೆಯ ಗ್ರೂಪ್ ಫೋಟೋ ಒಂದೇ. ಅದರ ಪ್ರತಿ ನನ್ನಲ್ಲಿತ್ತು.

"ನಿನಗೆ ಒಂದು ಕಾಗದ ಬರ್ದಿದ್ದೆ," ಎಂದ ಚೆನ್ನಪ್ಪ. "ಸಿಕ್ಕಿತ್ತಾ?"

ಸಿಕ್ಕಿತ್ತು. ಅಂಚಿನಲ್ಲಿ ಹಿಡಿದು ಓದಿದ್ದೆ. ನಾಲ್ಕೇ ಸಾಲು. ಫೋಟೋ ಕಳಿಸು, ಕೆಲಸ ಮುಗಿದ ಕೂಡಲೇ ಜೋಪಾನವಾಗಿ ವಾಪಸು ಕಳಿಸುತ್ತೇನೆ ಎಂದು ಬರೆದಿದ್ದ. ಓದಿ ಒಲೆಗೆ ಹಾಕಿದೆ. ಸೋಪು ಹಚ್ಚಿ ಎರಡು ಸಲ ಕೈ ತೊಳೆದೆ. ಹೆಂಡತಿ ಯಾರ ಕಾಗದ ಎಂದು ಕೇಳಿದ್ದಕ್ಕೆ, ಯಾರೋ ಹಳೆಯ ವಿದ್ಯಾರ್ಥಿ ಎಂದೆ. ಫೋಟೋ ಪೆಟ್ಟಿಗೆಯಲ್ಲಿ ಕೈಗೆ ಎಟಕುವಷ್ಟು ದೂರದಲ್ಲಿ ಇತ್ತು. ಕಳಿಸಲಿಲ್ಲ. ಕಳಿಸಿದರೆ ಮತ್ತೆ ಬರೆದಾನು. ಫೋಟೋ ವಾಪಸು ಬಂದೀತು. ಅದನ್ನು ಮುಟ್ಟಬೇಕಾದೀತು.

"ಇಲ್ಲ," ಎಂದೆ. "ಬರ್ಲೇ ಇಲ್ಲ ಮಾರಾಯ."

"ನಾನೂ ಹಾಗೇ ಎಣಿಸಿದೆ. ಸಿಕ್ಕಿದ್ರೆ ನೀನು ಕಳಿಸ್ದೆ ಇರುದಿಲ್ಲ."

ಮೂರು ತಿಂಗಳು ಕಾದು, ಡಾಕ್ಟರರು ಅಂದಾಜಿನಲ್ಲಿ ಒಂದು ಮೂಗು ಮಾಡಿದರಂತೆ. ಒಳ್ಳೆಯ ಮೂಗೇ. ಅವನದಲ್ಲ, ಅಷ್ಟೇ.

ಹಿಂದಿನ ದಿನ ಅವನು ಕೊಲ್ಲಮೊಗ್ರಿಗೆ ಹೋಗಿದ್ದ. ಹನ್ನೊಂದು ವರ್ಷದ ನಂತರ. ಹೆಸರು ಹೇಳಬೇಕು, ಸರ್ಟಿಫಿಕೇಟು ತೋರಿಸಬೇಕು, ಉಳಿಯಲು ಬಂದದ್ದಲ್ಲ ಎಂದು ಮೊದಲೇ ಹೇಳಿಬಿಡಬೇಕು, ಎಲ್ಲ ಬಸ್ಸಿನಲ್ಲೇ ಬಾಯಿಪಾಠ ಮಾಡಿಕೊಂಡಿದ್ದ. ಮಧ್ಯಾಹ್ನದ ಹೊತ್ತು. ಅಣ್ಣ ಅತ್ತಿಗೆ ಗದ್ದೆಯಲ್ಲಿದ್ದರು. ಅಂಗಳದಲ್ಲಿ ಮೆಣಸು ಒಣಗಿಸುತ್ತಿದ್ದ ತಾಯಿ ತಲೆ ಎತ್ತಿ ನೋಡಿದರು.

ಗುರುತು ಹತ್ತಲಿಲ್ಲ. ಮುಖ ಬೇರೆ, ಸ್ವರವೂ ಆ ರೋಗದಲ್ಲಿ ಒಡೆದದ್ದು. ದಾರಿ ನಡೆದು ಬಂದ ಯಾರೋ ದೊಡ್ಡವರು ಎಂದುಕೊಂಡು, ಚಾಪೆ ಹಾಸಿ ಕೂರಿಸಿದರು. ಬೆಲ್ಲದ ತುಂಡು, ಒಂದು ಲೋಟ ನೀರು ತಂದರು. ಕೈಗೇ ಕೊಟ್ಟರು.

ಗುಡಿಸಲಿನಲ್ಲಿ ಇದ್ದಾಗ ಇದೇ ತಾಯಿ ಗಂಜಿಯನ್ನು ದೂರದ ಕಲ್ಲಿನ ಮೇಲೆ ಇಟ್ಟು, ಕೂಗು ಹಾಕಿ, ಹಿಂದೆ ಸರಿಯುತ್ತಿದ್ದರು. ಅಳುತ್ತಾ ಸರಿಯುತ್ತಿದ್ದರು, ನಿಜ. ಆದರೂ ಸರಿಯುತ್ತಿದ್ದರು.

ಚೆನ್ನಪ್ಪ ನೀರು ಕುಡಿದ. ಕೈಯಿಂದ ಕೈಗೆ ಬಂದ ನೀರು. ಮಕ್ಕಳೆಷ್ಟು ಎಂದು ಕೇಳಿದ. ಇಬ್ಬರು, ಕಿರಿಯವನು ಇಲ್ಲ ಎಂದರು ತಾಯಿ. ನಿಮ್ಮದೇ ಪ್ರಾಯ ಆಗುತ್ತಿತ್ತು ಎಂದರು. ಹೇಗಿದ್ದ ಎಂದು ಕೇಳಿದನಂತೆ ಇವನು. ಕೇಳದೆ ಇರಲು ಆಗಲಿಲ್ಲವಂತೆ.

"ಮೂಗು ನನ್ನದೇ," ಎಂದರಂತೆ ತಾಯಿ, ತಮ್ಮ ಗಿಡ್ಡ ಮೂಗನ್ನು ಮುಟ್ಟಿ ತೋರಿಸಿ. "ಸಾವಿರ ಜನರ ನಡುವೆ ನಿಲ್ಸಿದ್ರೂ ಗುರುತು ಸಿಗ್ತಿತ್ತು."

ಇವನು ಬಾಯಿಪಾಠ ಮಾಡಿದ್ದನ್ನು ಹೇಳಲಿಲ್ಲ. ಲೋಟ ವಾಪಸು ಕೊಟ್ಟು, ಬರುತ್ತೇನೆ ಎಂದು ಹೇಳಿ ಎದ್ದು ಬಂದ. ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರೆ ಲೋಟ ಎಂತ ಮಾಡ್ತಿದ್ರು?" ಎಂದ. "ಅದನ್ನು ನೋಡ್ಲಿಕ್ಕೆ ನನಗೆ ಧೈರ್ಯ ಸಾಲ್ಲಿಲ್ಲ."

ಅವನೀಗ ಅದೇ ಆಸ್ಪತ್ರೆಯ ಹತ್ತಿರ, ರೋಗಿಗಳ ಮಕ್ಕಳಿಗೆ ಲೆಕ್ಕ ಕಲಿಸುತ್ತಿದ್ದಾನೆ. ಸಂಜೆಯ ಬಸ್ಸು ಹತ್ತಿ ಹೋದ. ಕಂಡಕ್ಟರ್ ಟಿಕೇಟು ಹರಿದು ಕೈಗೆ ಕೊಟ್ಟದ್ದನ್ನು ನಾನು ಕೆಳಗೆ ನಿಂತು ನೋಡಿದೆ. ಕಾಗದ ಸಿಕ್ಕಿತ್ತು ಎಂದು ಆಗಲೂ ಹೇಳಬಹುದಿತ್ತು. ಬಸ್ಸು ಹೊರಡಲು ಇನ್ನೂ ಐದು ನಿಮಿಷವಿತ್ತು. ಹೇಳಲಿಲ್ಲ. ಈ ಪತ್ರಿಕೆ ತಮಿಳು ಸೀಮೆಗೆ ಹೋಗುವುದಿಲ್ಲವಾದ್ದರಿಂದ ಇಲ್ಲಿ ಬರೆಯುವ ಧೈರ್ಯ ಬಂದಿದೆ. (ಇದು ಧೈರ್ಯವೇ?)

ಮೂರು ವಾರ ನಿದ್ದೆ ಸರಿ ಬರಲಿಲ್ಲ. ಕೊನೆಗೆ ಆ ಗ್ರೂಪ್ ಫೋಟೋ ಹಿಡಿದುಕೊಂಡು ನಾನೇ ಕೊಲ್ಲಮೊಗ್ರಿಗೆ ಹೋದೆ. ತಾಯಿ ಒಬ್ಬರೇ ಸಿಗುವ ಹೊತ್ತು ನೋಡಿ ಎಲ್ಲವನ್ನೂ ಹೇಳಿದೆ. ರೋಗ ವಾಸಿಯಾದದ್ದು, ಆಪರೇಶನ್ನು, ಮಧ್ಯಾಹ್ನ ನೀರು ಕುಡಿದು ಹೋದವನು ಯಾರು ಎಂಬುದು. ಕಾಗದದ ವಿಷಯವನ್ನೂ ಹೇಳಿದೆ. ಫೋಟೋ ಕಳಿಸಿದ್ದರೆ ಅವರ ಮೂಗು ಅವರ ಮಗನ ಮುಖದಲ್ಲಿ ಇರುತ್ತಿತ್ತು ಎಂದೂ ಹೇಳಿದೆ.

ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಕಂಬಕ್ಕೆ ಒರಗಿ ಕೂತರು. ಫೋಟೋವನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಇಟ್ಟುಕೊಳ್ಳಿ ಎಂದೆ. ಬೇಡ, ಯಾರಾದರೂ ಕಂಡರೆ ಕೇಳುತ್ತಾರೆ ಎಂದು ವಾಪಸು ಕೊಟ್ಟರು. ಅಂದು ಬಂದವನು ಬೆಲ್ಲ ಪೂರ್ತಿ ತಿಂದಿರಲಿಲ್ಲ, ಅರ್ಧ ಬಿಟ್ಟು ಹೋಗಿದ್ದ ಎಂದರು. ಆ ಅರ್ಧವನ್ನು ದನಕ್ಕೆ ಹಾಕಿದೆ ಎಂದೂ ಹೇಳಿದರು.

ಚೆನ್ನಪ್ಪನ ಅಣ್ಣನ ಮಗಳಿಗೆ ಸಂಪಾಜೆಯ ಕಡೆಯಿಂದ ಸಂಬಂಧ ಬಂದಿದೆ. ಮಾತು ನಿಶ್ಚಯವಾಗಿದೆ. ಅವಳ ಹಿಂದೆ ಇನ್ನೂ ಇಬ್ಬರು ಹೆಣ್ಣು ಮಕ್ಕಳಿದ್ದಾರೆ. ಗದ್ದೆಯಿಂದ ಸೊಸೆ ಬರುವ ಸದ್ದಾಯಿತು. ತಾಯಿ ಸೆರಗಿನಲ್ಲಿ ಮುಖ ಒರೆಸಿಕೊಂಡು, ನನ್ನ ಹತ್ತಿರ ಬಾಗಿ, ಮೆಲ್ಲಗೆ ಹೇಳಿದರು:

"ಬರ್ಲಿ ಮಾಷ್ಟ್ರೇ. ವರ್ಷಕ್ಕೆ ಒಂದು ಸರ್ತಿಯಾದ್ರೂ ಬರ್ಲಿ. ಮೊನ್ನೆ ಬಂದ ಹಾಗೇ ಬರ್ಲಿ. ಹೆಸರು ಮಾತ್ರ ಹೇಳುದು ಬೇಡ."

ಇದನ್ನು ಅವನಿಗೆ ಬರೆದು ತಿಳಿಸಬೇಕು. ಕಾಗದ ಎದುರಿಗಿಟ್ಟುಕೊಂಡು ಎಂಟು ದಿನವಾಯಿತು. ನೀವೇ ಹೇಳಿ, ಆ ತಾಯಿ ಮಗನನ್ನು ಬಾ ಎಂದದ್ದೋ, ಬರಬೇಡ ಎಂದದ್ದೋ?